ಐಡಾ ಬಿ. ವೆಲ್ಸ್: ಸುದ್ದಿಯಿಂದ ಸಾಕ್ಷ್ಯಕ್ಕೆ

ಪತ್ರಿಕೆಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅವುಗಳ ಹುಟ್ಟು, ಬೆಳವಣಿಗೆ, ಪ್ರಸಾರ, ಸರ್ಕಾರದೊಡನೆ ಅವು ನಡೆಸಿದ ಹೋರಾಟ ಇವುಗಳನ್ನು ಕುರಿತೇ ಹೇಳುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದ ಸುದ್ದಿ ಯಾವ ಸಂದರ್ಭದಲ್ಲಿ ಕೇವಲ ಸುದ್ದಿಯಾಗಿ ಉಳಿಯದೆ ಸಾಕ್ಷ್ಯವಾಗಿ ಪರಿಣಮಿಸುತ್ತದೆ ಎಂಬ ಪ್ರಶ್ನೆ ಅವರ ಗಮನವನ್ನು ಸೆಳೆದಿರುವುದು ವಿರಳ. ಈ ಪ್ರಶ್ನೆಯನ್ನು ಅಭ್ಯಾಸ ಮಾಡಬೇಕೆನ್ನುವವರಿಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಐಡಾ ಬಿ. ವೆಲ್ಸ್ (1862–1931) ಎಂಬಾಕೆಯ ವೃತ್ತಿಜೀವನಕ್ಕಿಂತ ಮಿಗಿಲಾದ ಉದಾಹರಣೆ ದೊರೆಯುವುದು ಕಷ್ಟ. ಗುಲಾಮಗಿರಿಯಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿನಲ್ಲಿ ಅನಾಥಳಾಗಿ, ಉಪಾಧ್ಯಾಯಿನಿಯಾಗಿ, ಪತ್ರಕರ್ತೆಯಾಗಿ, ಕಡೆಗೆ ತನ್ನ ಊರಿನಿಂದಲೇ ಬಹಿಷ್ಕೃತಳಾದ ಈಕೆ ಸುಮಾರು ನಾಲ್ವತ್ತು ವರ್ಷಗಳ ಕಾಲ ‘ಲಿಂಚಿಂಗ್’ ಎಂಬ ಕ್ರೌರ್ಯದ ವಿರುದ್ಧ ಲೇಖನಿ ಹಿಡಿದಿದ್ದಳು.

ಲಿಂಚಿಂಗ್ ಎಂದರೆ ಆರೋಪಕ್ಕೆ ಗುರಿಯಾದವನನ್ನು ನ್ಯಾಯಾಲಯದ ವಿಚಾರಣೆಗೆ ಬಿಡದೆ ಗುಂಪೊಂದು ಹಿಡಿದು ನೇಣುಹಾಕಿಯೋ ಗುಂಡಿಕ್ಕಿಯೋ ಜೀವಸಹಿತ ಸುಟ್ಟೋ ಕೊಲ್ಲುವುದು. ನಮ್ಮ ಪತ್ರಿಕೆಗಳು ಈಚೆಗೆ ಬಳಸುತ್ತಿರುವ ‘ಗುಂಪುಹತ್ಯೆ’ ಎಂಬ ಮಾತು ಇದರ ಅರ್ಥವನ್ನು ಪೂರ್ಣವಾಗಿ ಹೇಳುವುದಿಲ್ಲ. ಲಿಂಚಿಂಗಿನಲ್ಲಿ ಗುಂಪು ತನ್ನನ್ನು ಕೊಲೆಗಾರನೆಂದು ಭಾವಿಸುವುದಿಲ್ಲ, ನ್ಯಾಯಾಧೀಶನೆಂದು ಭಾವಿಸುತ್ತದೆ. ಆದುದರಿಂದಲೇ ಅದಕ್ಕೆ ಒಂದು ಕಾರಣ ಬೇಕಾಗುತ್ತದೆ, ಆ ಕಾರಣವನ್ನು ಜನರಿಗೆ ತಿಳಿಸಲು ಒಂದು ಪತ್ರಿಕೆಯೂ ಬೇಕಾಗುತ್ತದೆ. ವೆಲ್ಸಳ ಕಾರ್ಯವನ್ನು ಅರ್ಥಮಾಡಿಕೊಳ್ಳಲು ಈ ಅಂಶವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆಕೆ ಕೊಲೆಯನ್ನು ಖಂಡಿಸಿದಳು ಎಂದಷ್ಟೇ ಹೇಳಿದರೆ ಸಾಲದು; ಖಂಡಿಸಿದವರು ಬೇರೆಯವರೂ ಇದ್ದರು. ಆಕೆ ಕೆಡವಿದ್ದು ಆ ಕೊಲೆಗೆ ಆಧಾರವಾಗಿದ್ದ ನೆಪವನ್ನು.

ಐಡಾ ಹುಟ್ಟಿದ್ದು ಮಿಸಿಸಿಪಿ ಸಂಸ್ಥಾನದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, 1862ನೆಯ ಜುಲೈ 16ರಂದು. ತಂದೆ ಜೇಮ್ಸ್ ವೆಲ್ಸ್ ಬಡಗಿ. ತಾಯಿ ಎಲಿಜಬೆತ್ ಅಡಿಗೆಯಾಕೆ. ಇಬ್ಬರೂ ಗುಲಾಮರು. ಲಿಂಕನ್ನನ ವಿಮೋಚನಾ ಘೋಷಣೆ ಜಾರಿಗೆ ಬಂದಾಗ ಕೂಸಿಗೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ಸಂವಿಧಾನಕ್ಕೆ ಮೂರು ತಿದ್ದುಪಡಿಗಳಾದುವು: 1865ರಲ್ಲಿ ಗುಲಾಮಗಿರಿಯ ನಿಷೇಧ, 1868ರಲ್ಲಿ ಸಮಾನ ಪೌರತ್ವ, 1870ರಲ್ಲಿ ವರ್ಣಭೇದವಿಲ್ಲದೆ ಪುರುಷರಿಗೆ ಮತದಾನದ ಹಕ್ಕು. ಜೇಮ್ಸ್ ವೆಲ್ಸ್ ಊರಿನಲ್ಲಿ ಹೊಸದಾಗಿ ಆರಂಭವಾದ, ಮುಂದೆ ರಸ್ಟ್ ಕಾಲೇಜೆಂದು ಹೆಸರಾದ ವಿದ್ಯಾಸಂಸ್ಥೆಯ ಧರ್ಮದರ್ಶಿಗಳಲ್ಲೊಬ್ಬನಾದನು; ಮಗಳು ಅಲ್ಲಿಯೇ ಓದಿದಳು. ಓದು ಬಂದ ಮೇಲೆ ಆಕೆಗೆ ಮನೆಯಲ್ಲಿ ದೊರೆತ ಮೊದಲ ಕೆಲಸ ತಂದೆಗೂ ಅವನ ಸ್ನೇಹಿತರಿಗೂ ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವುದು.

ಆದರೆ 1877ರಲ್ಲಿ ಕೇಂದ್ರ ಸರ್ಕಾರ ದಕ್ಷಿಣದ ಸಂಸ್ಥಾನಗಳಿಗೆ ನೀಡಿದ್ದ ಸೈನ್ಯದ ಬೆಂಬಲವನ್ನು ಹಿಂತೆಗೆದುಕೊಂಡಿತು. ಕಾಗದದ ಮೇಲಿದ್ದ ಹಕ್ಕುಗಳನ್ನು ಕಾಪಾಡುವವರು ಇಲ್ಲದಾದರು. ಮರುವರ್ಷ, 1878ರಲ್ಲಿ, ಮಿಸಿಸಿಪಿ ಕಣಿವೆಯಲ್ಲಿ ಹರಡಿದ ಹಳದಿಜ್ವರಕ್ಕೆ ಐಡಾಳ ತಂದೆ, ತಾಯಿ, ಹಸುಳೆಯಾದ ಒಬ್ಬ ತಮ್ಮ ಮೂವರೂ ತುತ್ತಾದರು. ಉಳಿದ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚಬೇಕೆಂದು ಹಿತೈಷಿಗಳು ಕುಳಿತು ಗೊತ್ತುಮಾಡುತ್ತಿದ್ದಾಗ ಹಿರಿಯ ಮಗಳು ಅದಕ್ಕೆ ಒಪ್ಪದೆ, ತನ್ನ ವಯಸ್ಸು ಹದಿನೆಂಟೆಂದು ಹೇಳಿಕೊಂಡು ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿದಳು. ಕೆಲವು ವರ್ಷಗಳ ಮೇಲೆ ಟೆನೆಸಿ ಸಂಸ್ಥಾನದ ಮೆಂಫಿಸ್ ನಗರಕ್ಕೆ ಬಂದು ನೆಲಸಿದಳು.

ಆಕೆಯ ಸಾರ್ವಜನಿಕ ಜೀವನ ಆರಂಭವಾದದ್ದು ರೈಲುಗಾಡಿಯಲ್ಲಿ ಎನ್ನಬಹುದು. ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ 1893ರಲ್ಲಿ ಗಾಂಧೀಜಿಯವರಿಗೆ ಒದಗಿದ ಅನುಭವವನ್ನು ಬಲ್ಲ ನಮ್ಮ ವಾಚಕರಿಗೆ ಇದು ಅಪರಿಚಿತವೆನಿಸದು. ಅದಕ್ಕೆ ಸುಮಾರು ಹತ್ತು ವರ್ಷ ಹಿಂದೆ, 1883–84ರಲ್ಲಿ, ಮೊದಲ ದರ್ಜೆಯ ಟಿಕೇಟು ಕೊಂಡು ಮಹಿಳೆಯರ ಡಬ್ಬಿಯಲ್ಲಿ ಕುಳಿತಿದ್ದ ಐಡಾಳನ್ನು ಧೂಮಪಾನಿಗಳ ಡಬ್ಬಿಗೆ ಹೋಗುವಂತೆ ಕಂಡಕ್ಟರನು ಆಜ್ಞಾಪಿಸಿದನು. ಆಕೆ ಏಳಲಿಲ್ಲ. ಕೈಹಿಡಿದು ಎಳೆದಾಗ ಅವನ ಕೈಯನ್ನು ಕಚ್ಚಿದಳು. ಕಡೆಗೆ ಹಲವರು ಸೇರಿ ಆಕೆಯನ್ನು ಎಳೆದು ಹೊರಹಾಕಿದರು. ಆಕೆ ಕಂಪನಿಯ ಮೇಲೆ ದಾವೆ ಹೂಡಿದಳು. ಕೆಳಗಿನ ನ್ಯಾಯಾಲಯ 1884ರ ಕೊನೆಯಲ್ಲಿ 500 ಡಾಲರುಗಳ ಪರಿಹಾರವನ್ನು ಕೊಡಿಸಿತು. ಆದರೆ 1887ರಲ್ಲಿ ಟೆನೆಸಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ, ಕಂಪನಿಗೆ ಕಿರುಕುಳ ಕೊಡುವುದೇ ಆಕೆಯ ಉದ್ದೇಶವಾಗಿದ್ದಿತೆಂದು ಹೇಳಿ, ಖರ್ಚನ್ನೂ ಆಕೆಯ ಮೇಲೆಯೇ ಹೊರಿಸಿತು. ಸಾರ್ವಜನಿಕ ವಾಹನಗಳಲ್ಲಿಯೂ ವಸತಿಗೃಹಗಳಲ್ಲಿಯೂ ಭೇದವನ್ನು ನಿಷೇಧಿಸಿದ್ದ 1875ರ ಶಾಸನವನ್ನು ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು 1883ರಲ್ಲಿಯೇ ಅನೂರ್ಜಿತಗೊಳಿಸಿದ್ದಿತು. ಕಾನೂನಿನ ಬಾಗಿಲು ಹೀಗೆ ಎರಡೂ ಕಡೆಯಿಂದ ಮುಚ್ಚಿತು. ಆ ವೇಳೆಗಾಗಲೇ ಈ ಮೊಕದ್ದಮೆಯ ಸಂಗತಿಯನ್ನು ಚರ್ಚಿನ ಪತ್ರಿಕೆಯೊಂದಕ್ಕೆ ಬರೆದುಕಳುಹಿಸಿ, ‘ಐಯೋಲ’ ಎಂಬ ಅಂಕಿತದಿಂದ ಹಲವು ಪತ್ರಿಕೆಗಳಲ್ಲಿ ಆಕೆ ಪರಿಚಿತಳಾಗಿದ್ದಳು.

1889ರಲ್ಲಿ ಮೆಂಫಿಸ್ಸಿನ ‘ಫ್ರೀ ಸ್ಪೀಚ್ ಅಂಡ್ ಹೆಡ್‌ಲೈಟ್’ ಎಂಬ ವಾರಪತ್ರಿಕೆಯಲ್ಲಿ ಪಾಲುಗಾರ್ತಿಯಾದಳು. ಸಂಬಳಕ್ಕೆ ಬರೆಯುವುದಿಲ್ಲ, ಒಡೆತನದಲ್ಲಿ ಸಮಪಾಲು ಬೇಕು ಎಂಬುದು ಆಕೆಯ ಷರತ್ತಾಗಿದ್ದಿತು. ಈ ಪತ್ರಿಕೆ ಅಚ್ಚಾಗುತ್ತಿದ್ದುದು ಗುಲಾಬಿ ಬಣ್ಣದ ಕಾಗದದ ಮೇಲೆ. ಓದುಬಾರದ ಜನರು ಫ್ರೀ ಸ್ಪೀಚ್ ಬೇಕೆಂದು ಕೇಳಿದರೆ ಮಾರುವವರು ಬೇರೆ ಯಾವುದೋ ಪತ್ರಿಕೆಯನ್ನು ಕೈಗಿಡುತ್ತಿದ್ದರು. ಬಣ್ಣ ನೋಡಿ ಗುರುತಿಸಲೆಂದು ಈ ಉಪಾಯ. ಓದುಬಾರದವರು ಪತ್ರಿಕೆಯನ್ನು ಕೊಳ್ಳುತ್ತಿದ್ದರೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ಕೊಳ್ಳುವವನೊಬ್ಬ, ಓದುವವನೊಬ್ಬ, ಕೇಳುವವರು ಹತ್ತು ಮಂದಿ ಎಂಬುದು ನಮ್ಮ ಹಳ್ಳಿಯ ಜಗುಲಿಗಳಲ್ಲಿಯೂ ಇದ್ದ ಪದ್ಧತಿಯೇ. 1891ರಲ್ಲಿ ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಟೀಕಿಸಿ ಬರೆದುದಕ್ಕಾಗಿ ಉಪಾಧ್ಯಾಯಿನಿಯ ಕೆಲಸ ಹೋಯಿತು. ಅಲ್ಲಿಂದ ಮುಂದೆ ಪತ್ರಿಕೆಯೇ ಜೀವನೋಪಾಯವಾಯಿತು.

1892ರ ಮಾರ್ಚ್ ತಿಂಗಳ ಘಟನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೆಂಫಿಸ್ಸಿನ ಅಂಚಿನಲ್ಲಿ, ಟ್ರಾಮ್ ದಾರಿ ತೀವ್ರವಾಗಿ ತಿರುಗುತ್ತಿದ್ದ ಕಾರಣ ‘ಕರ್ವ್’ ಎಂದು ಕರೆಯಲ್ಪಡುತ್ತಿದ್ದ ಬಡಾವಣೆಯಲ್ಲಿ, ಕಪ್ಪು ಜನರು ಕೂಡಿ ‘ಪೀಪಲ್ಸ್ ಗ್ರೋಸರಿ’ ಎಂಬ ದಿನಸಿ ಅಂಗಡಿಯನ್ನು ಇಟ್ಟಿದ್ದರು. ಅದರ ಅಧ್ಯಕ್ಷ ಥಾಮಸ್ ಮಾಸ್. ಹಗಲು ಅಂಚೆಯವನ ಕೆಲಸ, ಸಂಜೆ ಅಂಗಡಿ. ಐಡಾಳಿಗೆ ಆಪ್ತಸ್ನೇಹಿತ, ಅವನ ಮಗಳಿಗೆ ಆಕೆ ಧರ್ಮಮಾತೆ. ಅದೇ ಬಡಾವಣೆಯಲ್ಲಿ ಅದುವರೆಗೆ ಏಕಸ್ವಾಮ್ಯವನ್ನು ಅನುಭವಿಸುತ್ತಿದ್ದ ಬಿಳಿಯ ಅಂಗಡಿಕಾರನಿಗೆ ಇದು ಸಹನೆಯಾಗಲಿಲ್ಲ. ಮಕ್ಕಳ ಜಗಳವೊಂದು ದೊಡ್ಡವರ ಜಗಳವಾಗಿ ಬೆಳೆಯಿತು. ಅಂಗಡಿಯ ಮೇಲೆ ದಾಳಿಯಾಗುವುದೆಂಬ ಸುದ್ದಿಯಿಂದ ಒಳಗಿನವರು ಆಯುಧ ಹಿಡಿದು ಕಾವಲಿದ್ದರು. ರಾತ್ರಿ ಶಸ್ತ್ರಧಾರಿಗಳಾದ ಬಿಳಿಯರು ಬಂದಾಗ ಗುಂಡು ಹಾರಿ ಮೂವರಿಗೆ ಗಾಯವಾಯಿತು. ಬಂದವರು ಷೆರೀಫನ ಕಡೆಯವರೆಂದು ಆಮೇಲೆ ಪ್ರಕಟವಾಯಿತು. ಅನೇಕ ಕಪ್ಪು ಜನರನ್ನು ಸೆರೆಹಿಡಿದರು. ಮಾರ್ಚ್ 9ರ ನಸುಕಿನಲ್ಲಿ ಒಂದು ಗುಂಪು ಸೆರೆಮನೆಯೊಳಕ್ಕೆ ನುಗ್ಗಿ ಥಾಮಸ್ ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟೂವರ್ಟ್ ಈ ಮೂವರನ್ನು ಎಳೆದೊಯ್ದು ಊರಹೊರಗೆ ಗುಂಡಿಟ್ಟು ಕೊಂದಿತು.

ಇಲ್ಲಿ ಗಮನಿಸಬೇಕಾದ ಒಂದು ವಿವರವಿದೆ. ಊರಿನ ಬಿಳಿಯರ ಪತ್ರಿಕೆಯೊಂದು ಅಂದಿನ ಬೆಳಗಿನ ಸಂಚಿಕೆಯನ್ನು ತಡೆದಿಟ್ಟು, ಕೊಲೆಯ ಪ್ರತಿಯೊಂದು ಹಂತವನ್ನೂ, ಸಾಯುವವರ ಕೊನೆಯ ಮಾತುಗಳನ್ನೂ ವಿವರವಾಗಿ ಅಚ್ಚುಹಾಕಿತು. ಕೊಲೆಗಾರರು ಯಾರೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲವೆಂದು ವಿಚಾರಣಾಧಿಕಾರಿಗಳು ವರದಿ ಕೊಟ್ಟರು. ಎಲ್ಲವನ್ನೂ ಕಂಡಿದ್ದ ವರದಿಗಾರನಿಗೆ ಮುಖಗಳು ಮಾತ್ರ ಕಾಣಲಿಲ್ಲವೇ ಎಂಬ ಪ್ರಶ್ನೆ ವೆಲ್ಸಳಿಗೆ ಹೊಳೆಯದೆ ಇರಲಿಲ್ಲ. ಪತ್ರಿಕೆಯೇ ಈ ಕೃತ್ಯದ ಒಂದು ಅಂಗವೆಂಬುದು ಆಕೆಗೆ ಮನದಟ್ಟಾದದ್ದು ಇಲ್ಲಿ.

ಮತ್ತೊಂದು ಸಂಗತಿಯನ್ನು ಆಕೆ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. ಲಿಂಚಿಂಗ್ ಅಕ್ರಮವಾದರೂ, ಬಿಳಿಯ ಸ್ತ್ರೀಯರ ಮೇಲಿನ ಅತ್ಯಾಚಾರದಿಂದ ಕೆರಳಿದ ಜನ ಮಾಡುವ ಕೆಲಸವದು ಎಂಬ ಮಾತನ್ನು ಆ ವರೆಗೆ ಆಕೆಯೂ ನಂಬಿದ್ದಳು. ಉತ್ತರದ ಉದಾರಿಗಳು ನಂಬಿದ್ದರು. ವಿದ್ಯಾವಂತ ಕಪ್ಪು ಜನರಲ್ಲಿಯೂ ಹಲವರು ನಂಬಿದ್ದರು. ಥಾಮಸ್ ಮಾಸ್ ಯಾವ ಹೆಂಗಸನ್ನೂ ಕಣ್ಣೆತ್ತಿ ನೋಡಿದವನಲ್ಲ. ಅವನು ಮಾಡಿದ್ದ ಅಪರಾಧವೆಂದರೆ ದಿನಸಿಯನ್ನು ಮಾರಿದ್ದು. ಹಾಗಾದರೆ ಉಳಿದ ಸಾವುಗಳ ಕಾರಣಗಳೂ ಹೀಗೆಯೇ ಇರಬಹುದಲ್ಲವೇ? ಈ ಸಂದೇಹದಿಂದ ಆಕೆಯ ಶೋಧನೆ ಹೊರಟಿತು.

ನ್ಯಾಯ ಸಿಗದ ಊರನ್ನು ಬಿಟ್ಟುಹೋಗಿರೆಂದು ಫ್ರೀ ಸ್ಪೀಚ್ ಬರೆಯಿತು. ನೂರಾರು ಕುಟುಂಬಗಳು ಪಶ್ಚಿಮದ ಒಕ್ಲಹೋಮದ ಕಡೆಗೆ ಹೊರಟುವು. ಉಳಿದವರು ಟ್ರಾಮ್‌ಗಾಡಿಗಳನ್ನು ಹತ್ತುವುದನ್ನು ಬಿಟ್ಟರು. ಕೆಲವು ವಾರಗಳಲ್ಲಿಯೇ ಟ್ರಾಮ್ ಕಂಪನಿಯ ಅಧಿಕಾರಿಗಳು ಪತ್ರಿಕೆಯ ಕಚೇರಿಗೆ ತಾವಾಗಿ ಬಂದು, ನಿಮ್ಮವರು ಗಾಡಿ ಹತ್ತುವಂತೆ ನಾಲ್ಕು ಮಾತು ಬರೆಯಿರಿ ಎಂದು ಕೇಳಿಕೊಂಡರು. ಆಕೆ ಆ ಸಂಭಾಷಣೆಯನ್ನೇ ಮುಂದಿನ ವಾರದ ಪತ್ರಿಕೆಯಲ್ಲಿ ಅಚ್ಚುಹಾಕಿ, ಬಹಿಷ್ಕಾರವನ್ನು ಮುಂದುವರಿಸಿರೆಂದು ಓದುಗರಿಗೆ ಸೂಚಿಸಿದಳು. ಮೇ 21ರ ಸಂಚಿಕೆಯಲ್ಲಿ ಇನ್ನೊಂದು ಟಿಪ್ಪಣಿ ಬಂದಿತು. ಅತ್ಯಾಚಾರದ ಆ ಹಳಸಿದ ಕಥೆಯನ್ನು ಈಗ ಯಾರೂ ನಂಬುವುದಿಲ್ಲವೆಂದೂ, ದಕ್ಷಿಣದ ಪುರುಷರು ಎಚ್ಚರಿಕೆಯಿಂದಿರದಿದ್ದರೆ ತಮ್ಮ ಸ್ತ್ರೀಯರ ಕೀರ್ತಿಗೇ ಕುಂದು ತರುವ ತೀರ್ಮಾನಕ್ಕೆ ಜನ ಬರುವರೆಂದೂ ಅದರ ತಾತ್ಪರ್ಯ. ಆಗ ಆಕೆ ಪೂರ್ವ ಸಂಸ್ಥಾನಗಳ ಪ್ರವಾಸದಲ್ಲಿದ್ದಳು. ಮೆಂಫಿಸ್ಸಿನ ಗುಂಪು ಪತ್ರಿಕೆಯ ಕಚೇರಿಯನ್ನು ಧ್ವಂಸಮಾಡಿತು; ಪಾಲುಗಾರ ಫ್ಲೆಮಿಂಗ್ ತಲೆ ತಪ್ಪಿಸಿಕೊಂಡು ಓಡಿದನು; ಐಡಾ ಹಿಂದಿರುಗಿದರೆ ಕೊಲ್ಲುವುದಾಗಿ ಸುದ್ದಿ ಬಂದಿತು. ಆಕೆಗಾಗ ವಯಸ್ಸು 29.

ಆ ಫ್ರೀ ಸ್ಪೀಚ್ ಪತ್ರಿಕೆಯ ಸಂಚಿಕೆಗಳು ಇಂದು ಸಂಶೋಧಕರಿಗೆ ಲಭ್ಯವಿಲ್ಲ. ಮೇ 21ರ ಟಿಪ್ಪಣಿ ಉಳಿದುಬಂದಿರುವುದು ಆಕೆಯೇ ತನ್ನ ಮುಂದಿನ ಪುಸ್ತಕದಲ್ಲಿ ಅದನ್ನೂ, ಅದಕ್ಕೆ ಬಿಳಿಯರ ಪತ್ರಿಕೆಗಳು ಕೊಟ್ಟ ಬೆದರಿಕೆಯ ಉತ್ತರಗಳನ್ನೂ ಎತ್ತಿ ಬರೆದಿದ್ದರಿಂದ. ತನ್ನನ್ನು ಬೈದವರ ಮಾತನ್ನು ಜೋಪಾನವಾಗಿ ಕತ್ತರಿಸಿಟ್ಟುಕೊಳ್ಳುವ ಈ ಅಭ್ಯಾಸವೇ ಆಕೆಯ ವಿಧಾನಕ್ಕೆ ಬುನಾದಿ.

ನ್ಯೂಯಾರ್ಕಿನಲ್ಲಿ ಟಿ. ಥಾಮಸ್ ಫಾರ್ಚೂನನ ‘ನ್ಯೂಯಾರ್ಕ್ ಏಜ್’ ಪತ್ರಿಕೆ ಆಕೆಗೆ ಆಶ್ರಯ ಕೊಟ್ಟಿತು. ಆ ಪತ್ರಿಕೆಯಲ್ಲಿ 1892ರ ಜೂನ್ 25ರಂದು ಪ್ರಕಟವಾದ ದೀರ್ಘ ಲೇಖನವೇ ಅದೇ ವರ್ಷ ‘ಸದರ್ನ್ ಹಾರರ್ಸ್’, ಅಂದರೆ ‘ದಕ್ಷಿಣದ ಘೋರಗಳು’, ಎಂಬ ಕಿರುಹೊತ್ತಗೆಯಾಯಿತು. 1895ರಲ್ಲಿ ‘ಎ ರೆಡ್ ರೆಕಾರ್ಡ್’, ‘ರಕ್ತದ ದಾಖಲೆ’, ಎಂಬ ದೊಡ್ಡ ಕೃತಿ ಹೊರಬಂದಿತು. ಈ ಎರಡರ ರಚನಾಕ್ರಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಪರಿಶೀಲಿಸಬೇಕು.

‘ಷಿಕಾಗೊ ಟ್ರಿಬ್ಯೂನ್’ ಎಂಬ ಪತ್ರಿಕೆ ಪ್ರತಿ ವರ್ಷದ ಆರಂಭದಲ್ಲಿ ಹಿಂದಿನ ವರ್ಷದ ಲಿಂಚಿಂಗ್‌ಗಳ ಪಟ್ಟಿಯನ್ನು, ಸತ್ತವನ ಹೆಸರು, ಸ್ಥಳ, ದಿನ, ಹೊರಿಸಿದ ಆರೋಪ ಇವುಗಳೊಡನೆ ಪ್ರಕಟಿಸುತ್ತಿದ್ದಿತು. ಅದು ಬಿಳಿಯರ ಪತ್ರಿಕೆ. ಅದರ ಆಧಾರವಾದರೋ ದಕ್ಷಿಣದ ಬಿಳಿಯರ ಪತ್ರಿಕೆಗಳು ಕಳುಹಿಸುತ್ತಿದ್ದ ಸುದ್ದಿ. ವೆಲ್ಸ್ ತನ್ನ ಜನರ ಬಾಯಿಮಾತನ್ನು ಬಳಸಬಹುದಾಗಿದ್ದಿತು. ಅದು ಬೇಕಾದಷ್ಟು ಇದ್ದಿತು. ಬಳಸಲಿಲ್ಲ. ಯಾರೂ ಉತ್ಪ್ರೇಕ್ಷೆಯೆಂದು ತಳ್ಳಿಹಾಕಲಾಗದಂತೆ ಕೊಂದವರ ಕಡೆಯ ಬರಹವನ್ನೇ ಸಾಕ್ಷಿಯಾಗಿ ನಿಲ್ಲಿಸಿದಳು. ಹಿಂದಿನ ಎಂಟು ವರ್ಷಗಳಲ್ಲಿ ಗುಂಪಿಗೆ ಬಲಿಯಾದ 728 ಮಂದಿ ಕಪ್ಪು ಜನರಲ್ಲಿ ಅತ್ಯಾಚಾರದ ಆರೋಪಕ್ಕೆ ಒಳಗಾದವರೇ ಮೂರರಲ್ಲೊಂದು ಪಾಲು ಮಾತ್ರ ಎಂದು ಮೊದಲ ಪುಸ್ತಕದಲ್ಲಿ ತೋರಿಸಿದಳು. ಆರೋಪಕ್ಕೆ ಒಳಗಾದವರು, ಅಪರಾಧಿಗಳಲ್ಲ ಎಂಬ ಭೇದವನ್ನು ಆಕೆ ಎಲ್ಲಿಯೂ ಕೈಬಿಡಲಿಲ್ಲ. 1892ರಲ್ಲಿ ಸತ್ತವರು 241 ಮಂದಿ, ಅವರಲ್ಲಿ 160 ಮಂದಿ ಕಪ್ಪು ಜನರು. 1894ರಲ್ಲಿ ಕಾನೂನಿನ ಪ್ರಕಾರ ಇಡೀ ದೇಶದಲ್ಲಿ ಗಲ್ಲಿಗೇರಿದವರು 132. ಗುಂಪಿನ ಕೈಯಲ್ಲಿ ಸತ್ತವರು 197. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟದ್ದೇ ಒಂದು ವಾದ. ಅದಕ್ಕೆ ವಿಶೇಷಣಗಳು ಬೇಕಾಗಲಿಲ್ಲ.

ಪಟ್ಟಿಯನ್ನು ಆಕೆ ಆರೋಪಗಳಿಗೆ ಅನುಸಾರವಾಗಿ ವಿಂಗಡಿಸಿದಳು. ಕೊಲೆ, ಕಳ್ಳತನ, ಕೊಟ್ಟಿಗೆಗೆ ಬೆಂಕಿಯಿಟ್ಟದ್ದು ಇವುಗಳ ಜೊತೆಗೆ, ಬಾವಿಗೆ ವಿಷ ಹಾಕಿದನೆಂಬ ಸಂಶಯ, ಬಿಳಿಯರನ್ನು ಅವಮಾನಿಸಿದ್ದು, ಯಾವ ಅಪರಾಧವೂ ಇಲ್ಲ ಎಂಬ ಶೀರ್ಷಿಕೆಗಳನ್ನೂ ಓದುಗನು ಕಾಣುತ್ತಾನೆ. ದಿನಪತ್ರಿಕೆಯಲ್ಲಿ ಒಂದೊಂದಾಗಿ ಓದಿದಾಗ ಒಂದೊಂದು ಅಪವಾದವೆಂದು ತೋರುತ್ತಿದ್ದ ಸಂಗತಿ ಪಟ್ಟಿಯಾಗಿ ನಿಂತಾಗ ಪದ್ಧತಿಯೆಂದು ಗೋಚರಿಸಿತು. ಇದರೊಡನೆ ಕೆಲವು ಪ್ರಸಂಗಗಳಲ್ಲಿ ತಾನೇ ಸ್ಥಳಕ್ಕೆ ಹೋಗಿ ವಿಚಾರಿಸಿದಳು. ಮಿಸಿಸಿಪಿಯಲ್ಲಿ ಷೆರೀಫನೊಬ್ಬನ ಎಳೆಯ ಬಾಲಿಕೆಯನ್ನು ಕೆಡಿಸಿದನೆಂದು ತಂತಿಸುದ್ದಿ ಹೇಳಿದ್ದ ಪ್ರಕರಣದಲ್ಲಿ, ಆಕೆ ಎಳೆಯ ಬಾಲಿಕೆಯಾಗಿರಲಿಲ್ಲ, ಪ್ರಾಯಕ್ಕೆ ಬಂದ ಯುವತಿಯಾಗಿದ್ದಳು, ತಾನಾಗಿಯೇ ಆ ಮನುಷ್ಯನ ಕೋಣೆಗೆ ಹೋಗಿದ್ದಳು ಎಂಬುದು ಪತ್ತೆಯಾಯಿತು. ಬಿಳಿಯ ಸ್ತ್ರೀ ಕಪ್ಪು ಪುರುಷನನ್ನು ಒಲಿಯಬಲ್ಲಳು ಎಂಬ ಮಾತೇ ಆ ಸಮಾಜಕ್ಕೆ ಅಸಹ್ಯವಾಗಿದ್ದಿತು. ಬಿಳಿಯ ಪುರುಷರು ಕಪ್ಪು ಸ್ತ್ರೀಯರ ಮೇಲೆ ನಡೆಸಿದ ಅತ್ಯಾಚಾರಗಳಿಗಾಗಿ ಯಾವ ಗುಂಪೂ ಕೂಡಲಿಲ್ಲವೆಂಬುದನ್ನೂ ಆಕೆ ಹೆಸರು ಸ್ಥಳಗಳೊಡನೆ ದಾಖಲೆ ಮಾಡಿದಳು.

ಈ ವಿಧಾನಕ್ಕೆ ಮಿತಿಗಳಿಲ್ಲದೆ ಇಲ್ಲ. ಪತ್ರಿಕೆಗೆ ಬಾರದ ಕೊಲೆ ಪಟ್ಟಿಗೂ ಬರಲಿಲ್ಲ; ಆದುದರಿಂದ ಆಕೆಯ ಸಂಖ್ಯೆಗಳು ನಿಜಕ್ಕಿಂತ ಕಡಿಮೆಯೇ ಹೊರತು ಹೆಚ್ಚಲ್ಲ. ಮುಂದೆ ಟಸ್ಕೀಗೀ ವಿದ್ಯಾಸಂಸ್ಥೆ 1882ರಿಂದ 1968ರವರೆಗೆ ಒಟ್ಟು 4,743 ಲಿಂಚಿಂಗ್‌ಗಳನ್ನು ಲೆಕ್ಕಹಾಕಿ, ಅವರಲ್ಲಿ 3,446 ಮಂದಿ ಕಪ್ಪು ಜನರೆಂದು ಗುರುತಿಸಿತು. ನಮ್ಮ ಕಾಲದ ಶೋಧಕರು ಈ ಅಂಕಿಗಳಿಗೂ ಸೇರಿಸುತ್ತಿದ್ದಾರೆ. ಆದರೆ ಎಣಿಸಬೇಕು, ಎಣಿಸಿದ್ದನ್ನು ಆರೋಪದ ಕಾಲಮ್ಮಿನೊಡನೆ ಹೊಂದಿಸಿ ನೋಡಬೇಕು ಎಂಬ ಮಾರ್ಗವನ್ನು ತೆರೆದವರಲ್ಲಿ ವೆಲ್ಸ್ ಮೊದಲಿಗಳು. ಸಮಾಜವಿಜ್ಞಾನದ ಯಾವ ಶಿಕ್ಷಣವೂ ಆಕೆಗಿರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ಇನ್ನಷ್ಟು ತಿಳಿದೀತು.

ಸ್ವದೇಶದ ಬಿಳಿಯರ ಪತ್ರಿಕೆಗಳು ಆಕೆಯ ಮಾತಿಗೆ ಕಿವಿಗೊಡಲಿಲ್ಲ. 1893ರಲ್ಲಿಯೂ 1894ರಲ್ಲಿಯೂ ಆಕೆ ಬ್ರಿಟನ್ನಿಗೆ ಹೋಗಿ ಉಪನ್ಯಾಸಗಳನ್ನು ಮಾಡಿದಳು. ಆಹ್ವಾನಿಸಿದವರಲ್ಲಿ ಮುಖ್ಯಳಾದವಳು ಕ್ಯಾಥರಿನ್ ಇಂಪಿ ಎಂಬ ಕ್ವೇಕರ್ ಮಹಿಳೆ. ಆಕೆ 1888ರಿಂದ ನಡೆಸುತ್ತಿದ್ದ ಪತ್ರಿಕೆಯ ಹೆಸರು ‘ಆಂಟಿ-ಕಾಸ್ಟ್’, ಎಂದರೆ ಜಾತಿವಿರೋಧಿ. ಅಮೆರಿಕದ ವರ್ಣಭೇದವನ್ನು ಹೇಳಲು ಭಾರತದ ಜಾತಿಯ ಮಾತನ್ನು ಒಬ್ಬ ಇಂಗ್ಲಿಷ್ ಮಹಿಳೆ ಆರಿಸಿಕೊಂಡುದು ನಮಗೆ ಯೋಚನೆಗೆ ಎಡೆಗೊಡುವ ಸಂಗತಿ. ಎರಡನೆಯ ಪ್ರವಾಸದಲ್ಲಿ ವೆಲ್ಸ್ ಷಿಕಾಗೋದ ‘ಇಂಟರ್ ಓಷನ್’ ದಿನಪತ್ರಿಕೆಗೆ ಪತ್ರಗಳನ್ನು ಬರೆದಳು. ಮದ್ಯಪಾನ ವಿರೋಧಿ ಮಹಿಳಾ ಸಂಘದ ಅಧ್ಯಕ್ಷೆಯೂ ಲೋಕವಿಖ್ಯಾತಳೂ ಆಗಿದ್ದ ಫ್ರಾನ್ಸಿಸ್ ವಿಲ್ಲರ್ಡ್ ಆಗ ಇಂಗ್ಲೆಂಡಿನಲ್ಲಿದ್ದಳು. ದಕ್ಷಿಣದ ಬಿಳಿಯರ ನೆಪವನ್ನೇ ಒಪ್ಪುವಂತೆ ಆಕೆ 1890ರಲ್ಲಿ ಕೊಟ್ಟಿದ್ದ ಸಂದರ್ಶನವನ್ನು ವೆಲ್ಸ್ ಅಲ್ಲಿನ ಪತ್ರಿಕೆಯಲ್ಲಿ ಮರುಮುದ್ರಿಸಿದಾಗ ದೊಡ್ಡ ವಿವಾದವೆದ್ದಿತು. ಮಿತ್ರರೆನಿಸಿದವರ ಬರಹವನ್ನೂ ಶತ್ರುಗಳ ಬರಹದಂತೆಯೇ ಎದುರಿಗೆ ಹಿಡಿಯುವುದಕ್ಕೆ ಆಕೆ ಹಿಂಜರಿಯಲಿಲ್ಲ. ಇದರಿಂದ ಆಕೆಗೆ ನಷ್ಟವೂ ಆಯಿತು. 1894ರಲ್ಲಿ ಲಂಡನ್ನಿನಲ್ಲಿ ಲಿಂಚಿಂಗ್ ವಿರೋಧಿ ಸಮಿತಿಯೊಂದು ಸ್ಥಾಪಿತವಾಯಿತು. ಮೆಂಫಿಸ್ ಹತ್ತಿಯ ಪೇಟೆ. ಹತ್ತಿಯನ್ನು ಕೊಳ್ಳುವವರು ಇಂಗ್ಲೆಂಡಿನವರು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಮೆಂಫಿಸ್ ಸಮೀಪ ಆರು ಮಂದಿ ಕಪ್ಪು ಜನರ ಕೊಲೆಯಾದಾಗ, ಎರಡು ವರ್ಷ ಹಿಂದೆ ಬಾಯಿ ಬಿಡದಿದ್ದ ಅದೇ ನಗರದ ಪ್ರಮುಖರು ಸಭೆ ಸೇರಿ ಖಂಡಿಸಿದರು, ಬಿಳಿಯರ ಮೇಲೆ ಮೊಕದ್ದಮೆಯೂ ನಡೆಯಿತು. ಆರೋಪಿಗಳೆಲ್ಲರೂ ಬಿಡುಗಡೆಯಾದರೆನ್ನುವುದು ಬೇರೆ ಮಾತು.

ಎರಡು ಪ್ರವಾಸಗಳ ನಡುವೆ, 1893ರ ಬೇಸಗೆಯಲ್ಲಿ, ಷಿಕಾಗೋದ ವಿಶ್ವಪ್ರದರ್ಶನ ನಡೆಯಿತು. ಅದರ ಅಂಗವಾಗಿ ಸೆಪ್ಟೆಂಬರಿನಲ್ಲಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದುದನ್ನು ನಾವೆಲ್ಲರೂ ಬಲ್ಲೆವು. ಆ ಪ್ರದರ್ಶನದಲ್ಲಿ ಅಮೆರಿಕದ ಕಪ್ಪು ಜನರ ಸಾಧನೆಗೆ ಸ್ಥಳವಿರಲಿಲ್ಲವೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಏಕೆ ಇಲ್ಲವೆಂಬುದನ್ನು ವಿವರಿಸುವ ಕಿರುಹೊತ್ತಗೆಯನ್ನು ವೆಲ್ಸ್, ವೃದ್ಧ ನಾಯಕ ಫ್ರೆಡರಿಕ್ ಡಗ್ಲಸ್, ಐ. ಗಾರ್ಲಂಡ್ ಪೆನ್, ವಕೀಲ ಫರ್ಡಿನಂಡ್ ಬಾರ್ನೆಟ್ ಕೂಡಿ ಪ್ರಕಟಿಸಿದರು. ಹೈತಿ ದೇಶದ ಮಂಟಪದಲ್ಲಿ ಡಗ್ಲಸನಿಗೆ ಆಸನವಿದ್ದಿತು. ಐಡಾ ಅಲ್ಲಿ ಕುಳಿತು ಪ್ರತಿಗಳನ್ನು ಹಂಚಿದಳು.

1895ರಲ್ಲಿ ಬಾರ್ನೆಟ್ಟನನ್ನು ವಿವಾಹವಾಗಿ ಷಿಕಾಗೋದಲ್ಲಿ ನೆಲಸಿದಳು. ನಾಲ್ವರು ಮಕ್ಕಳಾದರು. ತನ್ನ ಹೆಸರನ್ನು ಬಿಡದೆ ವೆಲ್ಸ್-ಬಾರ್ನೆಟ್ ಎಂದು ಬರೆದುಕೊಂಡಳು. ಎಳೆಗೂಸನ್ನು ಎತ್ತಿಕೊಂಡೇ ಉಪನ್ಯಾಸಗಳಿಗೆ ಹೋಗುತ್ತಿದ್ದಳು. ಸ್ತ್ರೀಮತದ ಹೋರಾಟಗಾರ್ತಿ ಸೂಸನ್ ಬಿ. ಆಂಥೊನಿ, ಮದುವೆಯಿಂದ ನಿನ್ನ ಕೆಲಸಕ್ಕೆ ಅಡ್ಡಿಯಾಯಿತೆಂದು ಆಕ್ಷೇಪಿಸಿದುದುಂಟು.

ಆಕೆಯ ಮುಂದಿನ ಕಾರ್ಯಗಳಲ್ಲಿ 1909ರ ಕೇರೋ ಪ್ರಕರಣ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದುದು. ಇಲಿನಾಯ್ ಸಂಸ್ಥಾನದ ಕೇರೋ ಪಟ್ಟಣದಲ್ಲಿ ಆ ವರ್ಷದ ನವೆಂಬರಿನಲ್ಲಿ ವಿಲ್ ಜೇಮ್ಸ್ ಎಂಬವನನ್ನು ಷೆರೀಫನ ಕೈಯಿಂದ ಕಸಿದು ಗುಂಪು ಕೊಂದಿತು. ಬಂದಿಯನ್ನು ಗುಂಪಿಗೆ ಒಪ್ಪಿಸಿದ ಷೆರೀಫನ ಸ್ಥಾನ ತಾನಾಗಿ ತೆರವಾಗುವುದೆಂದೂ, ತಾನು ಕರ್ತವ್ಯ ಮಾಡಿದೆನೆಂದು ಗವರ್ನರನಿಗೆ ಮನವರಿಕೆ ಮಾಡಿಕೊಟ್ಟರೆ ಮಾತ್ರ ಅದು ಮರಳಿ ದೊರೆಯುವುದೆಂದೂ ಆ ಸಂಸ್ಥಾನದ 1905ರ ಶಾಸನ ವಿಧಿಸಿದ್ದಿತು. ಷೆರೀಫ ಫ್ರಾಂಕ್ ಡೇವಿಸ್ ಮನವಿ ಸಲ್ಲಿಸಿದನು. ಊರಿನ ಕಪ್ಪು ಜನರಲ್ಲಿ ಹಲವರೇ ಅವನ ಪರವಾಗಿ ಪತ್ರ ಕೊಟ್ಟಿದ್ದರು. ಕೇರೋಗೆ ಹೋಗಬೇಕೆಂದು ಗಂಡನು ಹೇಳಿದಾಗ ಐಡಾ ಒಪ್ಪಲಿಲ್ಲ. ಗಂಡಸರು ಮಾಡಬೇಕಾದ ಕೆಲಸಕ್ಕೆ ಪ್ರತಿಸಲವೂ ತಾನೇ ಹೋಗಿ ಬೈಸಿಕೊಳ್ಳುವುದು ಸಾಕಾಗಿದ್ದಿತು. ರಾತ್ರಿ ಹಿರಿಯ ಮಗ ಬಂದು, ನೀನು ಹೋಗದಿದ್ದರೆ ಮತ್ತಾರು ಹೋಗುತ್ತಾರಮ್ಮಾ ಎಂಬ ಅರ್ಥದ ಮಾತನಾಡಿದ ಮೇಲೆ ಹೊರಟಳು. ಷೆರೀಫನು ಒಬ್ಬ ಸಹಾಯಕನನ್ನು ಮಾತ್ರ ಜೊತೆಗಿಟ್ಟುಕೊಂಡು ಕಾಡಿನಲ್ಲಿ ಅಲೆದದ್ದೇ ಹೊರತು ರಕ್ಷಣೆಗೆ ಜನವನ್ನು ಕೂಡಿಸಲಿಲ್ಲವೆಂಬ ಸಂಗತಿಯನ್ನು ಸ್ಥಳದಲ್ಲಿ ಸಂಗ್ರಹಿಸಿದಳು. ಪತ್ರ ಕೊಟ್ಟವರನ್ನು ಕರೆದು, ಸತ್ತವನು ಎಂಥವನೆಂಬುದು ಪ್ರಶ್ನೆಯಲ್ಲ, ಮುಂದೆ ಸಾಯಬಹುದಾದವರು ಯಾರೆಂಬುದು ಪ್ರಶ್ನೆ ಎಂದು ತಿಳಿಯಹೇಳಿದಳು. ರಾಜಧಾನಿಯ ವಿಚಾರಣೆಯಲ್ಲಿ ನುರಿತ ವಕೀಲರೆದುರು ನಿಂತು ವಾದಿಸಿದಳು. ಗವರ್ನರ್ ಡೆನೀನ್ ಷೆರೀಫನಿಗೆ ಸ್ಥಾನವನ್ನು ಮರಳಿ ಕೊಡಲಿಲ್ಲ. ಟೆನೆಸಿಯ ನ್ಯಾಯಾಲಯದಲ್ಲಿ ಸೋತ ಹೆಂಗಸು ಇಪ್ಪತ್ತೆರಡು ವರ್ಷಗಳ ಮೇಲೆ ಒಂದು ಶಾಸನಕ್ಕೆ ಜೀವ ಕೊಟ್ಟಳು.

ಆದರೂ ಸಂಘಟನೆಗಳಲ್ಲಿ ಆಕೆಗೆ ನೆಲೆ ದೊರೆಯಲಿಲ್ಲ. ಅದೇ 1909ರಲ್ಲಿ, ಮುಂದೆ ಎನ್.ಎ.ಎ.ಸಿ.ಪಿ. ಎಂದು ಪ್ರಸಿದ್ಧವಾದ ಸಂಸ್ಥೆಯ ಸ್ಥಾಪಕ ಸಮಿತಿಯ ಪಟ್ಟಿಯಿಂದ ಆಕೆಯ ಹೆಸರು ಬಿಟ್ಟುಹೋಗಿ, ಪ್ರತಿಭಟನೆಯ ಬಳಿಕ ಸೇರಿತು. ಬುಕರ್ ಟಿ. ವಾಷಿಂಗ್ಟನ್ನನ ಸಂಧಾನನೀತಿಯನ್ನು ಆಕೆ ಬಹಿರಂಗವಾಗಿ ಟೀಕಿಸಿದ್ದಳು. ಆಕೆಯ ನಡವಳಿಕೆ ಒರಟೆಂದೂ ರಾಜಿಗೆ ಒಗ್ಗದೆಂದೂ ಸಮಕಾಲೀನರು ಹೇಳಿದುದು ಸುಳ್ಳಲ್ಲ. 1913ರ ಜನವರಿಯಲ್ಲಿ ಷಿಕಾಗೋದಲ್ಲಿ ಕಪ್ಪು ಮಹಿಳೆಯರ ‘ಆಲ್ಫಾ’ ಮತದಾನ ಸಂಘವನ್ನು ಸ್ಥಾಪಿಸಿದಳು. ಮಾರ್ಚಿಯಲ್ಲಿ ವಾಷಿಂಗ್ಟನ್ನಿನ ಮೆರವಣಿಗೆಯಲ್ಲಿ ಹಿಂದಿನ ಸಾಲಿಗೆ ಹೋಗೆಂದಾಗ ಹೋಗದೆ, ಪ್ರೇಕ್ಷಕರ ನಡುವಿನಿಂದ ಬಂದು ಇಲಿನಾಯ್ ತಂಡದ ಬಿಳಿಯ ಮಹಿಳೆಯರ ಜೊತೆಗೇ ನಡೆದಳು.

1919ರ ಸೆಪ್ಟೆಂಬರ್ ಕೊನೆಯಲ್ಲಿ ಆರ್ಕನ್ಸಾ ಸಂಸ್ಥಾನದ ಇಲೇನ್ ಎಂಬ ಊರಿನ ಬಳಿ, ಹತ್ತಿಗೆ ನ್ಯಾಯವಾದ ಬೆಲೆ ಕೇಳಲು ಸಂಘ ಕಟ್ಟಿದ್ದ ಪಾಲುಗಾರ ರೈತರ ಸಭೆಯ ಮೇಲೆ ದಾಳಿಯಾಗಿ, ಅನಂತರದ ದಿನಗಳಲ್ಲಿ ಕಪ್ಪು ಜನರ ಭಾರಿ ಹತ್ಯೆ ನಡೆಯಿತು. ಮರಣದಂಡನೆಯಾದದ್ದು ಮಾತ್ರ ಹನ್ನೆರಡು ಮಂದಿ ಕಪ್ಪು ರೈತರಿಗೆ. ಐಡಾ ದಕ್ಷಿಣಕ್ಕೆ ಮರಳಿ ಹೋಗಿ, ಕೈದಿಗಳ ಹೆಂಡಿರು ತಾಯಂದಿರ ಗುಂಪಿನಲ್ಲಿ ನೆಂಟಳಂತೆ ಸೇರಿ ಸೆರೆಮನೆಯನ್ನು ಹೊಕ್ಕು ಅವರ ಹೇಳಿಕೆಗಳನ್ನು ಪಡೆದಳು. ಸಾವಿಗೆ ಸಿದ್ಧರಾದವರಂತೆ ಪರಲೋಕದ ಹಾಡುಗಳನ್ನು ಹಾಡುತ್ತಿದ್ದ ಅವರಿಗೆ, ಬಿಡುಗಡೆಗಾಗಿ ಪ್ರಾರ್ಥಿಸಿರೆಂದು ಹೇಳಿಬಂದಳು. 1920ರಲ್ಲಿ ಪ್ರಕಟವಾದ ಆಕೆಯ ಹೊತ್ತಗೆಯಲ್ಲಿ ಯಾವ ರೈತನು ಎಷ್ಟು ಎಕರೆ ಬೆಳೆದಿದ್ದ, ಎಷ್ಟು ಹತ್ತಿ ಬಂದಿತ್ತು, ಏನೇನು ಕಳೆದುಕೊಂಡ ಎಂಬ ಲೆಕ್ಕವಿದೆ. ದಂಗೆಯೆಂದು ಹೇಳಲಾದದ್ದರ ಹಿಂದೆ ಹತ್ತಿಯ ಫಸಲು ಇದ್ದಿತೆಂಬುದನ್ನು ಓದುಗನು ತಾನೇ ಕೂಡಿಕಳೆದು ತಿಳಿಯಬಹುದು. ವಕೀಲ ಸಿಪಿಯೊ ಜೋನ್ಸ್ ಮತ್ತು ಎನ್.ಎ.ಎ.ಸಿ.ಪಿ. ನಡೆಸಿದ ಮೊಕದ್ದಮೆಯಲ್ಲಿ, ಗುಂಪಿನ ಭಯದಡಿ ನಡೆದ ವಿಚಾರಣೆ ವಿಚಾರಣೆಯೇ ಅಲ್ಲವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಮೂರ್ ವಿರುದ್ಧ ಡೆಂಪ್ಸಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಹನ್ನೆರಡು ಮಂದಿಯೂ ಕ್ರಮೇಣ ಬಿಡುಗಡೆ ಹೊಂದಿದರು. ಅವರಲ್ಲೊಬ್ಬನು ಷಿಕಾಗೋದ ಮನೆಗೆ ಬಂದು ಆಕೆಯನ್ನು ಕಂಡು ಹೋದನು.

ಲಿಂಚಿಂಗನ್ನು ಕೇಂದ್ರದ ಅಪರಾಧವನ್ನಾಗಿ ಮಾಡುವ ಡೈಯರ್ ಮಸೂದೆ 1922ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಅಂತಹ ಶಾಸನ ಆದದ್ದು 2022ರ ಮಾರ್ಚಿಯಲ್ಲಿ. 2020ರಲ್ಲಿ ಪುಲಿಟ್ಜರ್ ಮಂಡಲಿ ಆಕೆಗೆ ಮರಣೋತ್ತರವಾಗಿ ವಿಶೇಷ ಗೌರವ ಸಲ್ಲಿಸಿದ್ದಿತು.

1930ರಲ್ಲಿ ಇಲಿನಾಯ್ ಸೆನೆಟ್ಟಿಗೆ ನಿಂತು ಸೋತಳು; 1931ನೆಯ ಮಾರ್ಚ್ 25ರಂದು ಮೂತ್ರಪಿಂಡದ ರೋಗದಿಂದ ನಿಧನಳಾದಳು. ಕಡೆಯ ವರ್ಷಗಳಲ್ಲಿ ಆತ್ಮಕಥೆಯನ್ನು ಬರೆಯುತ್ತಿದ್ದಳು. ಅದಕ್ಕೆ ಪ್ರೇರಣೆ, ಸಭೆಯೊಂದರಲ್ಲಿ ಆಕೆಯನ್ನು ಜೋನ್ ಆಫ್ ಆರ್ಕ್‌ಳಿಗೆ ಹೋಲಿಸಿದ ತರುಣಿಯೊಬ್ಬಳು, ಏಕೆ ಹೋಲಿಸಿದೆ ಎಂದು ಕೇಳಿದರೆ ಉತ್ತರ ಹೇಳಲಾರದೆ ಹೋದದ್ದು. ಹಸ್ತಪ್ರತಿ ಒಂದು ವಾಕ್ಯದ ನಡುವೆ ನಿಂತಿದೆ. ಕಿರಿಯ ಮಗಳು ಆಲ್ಫ್ರೆಡಾ ಡಸ್ಟರ್ ಅದನ್ನು ಸಂಪಾದಿಸಿ ಅನೇಕ ವರ್ಷ ಪ್ರಕಾಶಕರ ಬಾಗಿಲು ತಟ್ಟಿದಳು. ‘ಕ್ರೂಸೇಡ್ ಫಾರ್ ಜಸ್ಟಿಸ್’ ಎಂಬ ಹೆಸರಿನಿಂದ ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯ ಅದನ್ನು ಹೊರತಂದದ್ದು 1970ರಲ್ಲಿ.